ಮುಡಿ ಕೊಟ್ಟು ಬಂದ ಮೇಲೆ ಐಡಿ ಬ್ಲಾಕ್ ಆಗಿದೆ, ಏನು ಮಾಡಲಿ?

ಬನಶಂಕರಿ ರೈಡರ್:
ಮೂರು ವರ್ಷದಿಂದ ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತಿದ್ದೇನೆ. ಮಗಳಿಗೆ ಹುಷಾರಾದರೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ. ಹೋದ ವಾರ ತಿರುಪತಿಗೆ ಹೋಗಿ ತಲೆ, ಗಡ್ಡ, ಮೀಸೆ ಎಲ್ಲಾ ತೆಗೆಸಿ ಬಂದೆ. ಸೋಮವಾರ ಬೆಳಿಗ್ಗೆ ಲಾಗಿನ್ ಆಗುವಾಗ ಆ್ಯಪ್ ಸೆಲ್ಫಿ ಕೇಳಿತು. ಮುಖ ಹೊಂದುತ್ತಿಲ್ಲ ಅಂತ ಬಂತು. ಬಿಸಿಲಲ್ಲಿ ನಿಂತು, ಮರದ ನೆರಳಲ್ಲಿ ನಿಂತು, ನಾಲ್ಕು ಸಲ ತೆಗೆದೆ. ಐಡಿ ಬ್ಲಾಕ್ ಆಯ್ತು.

ಇವತ್ತಿಗೆ ಐದು ದಿನ. ಚಾಟ್‌ನಲ್ಲಿ ಏನು ಬರೆದರೂ ಅದೇ ಉತ್ತರ. ಆಧಾರ್, ಡಿಎಲ್ ಎರಡೂ ಕಳಿಸಿದ್ದೇನೆ, ನೋಡುವವರೇ ಇಲ್ಲ. 10ನೇ ತಾರೀಕು ಗಾಡಿ ಕಂತು ಕಟ್ಟಬೇಕು. ದಿನಾ ಆರ್ಡರ್ ಕೊಡುವ ಹೋಟೆಲಿನವರು ದೂರದಿಂದಲೇ ನನ್ನ ಗುರುತು ಹಿಡಿದು ಕೈ ಬೀಸಿದರು. ಮೂರು ವರ್ಷ ದುಡಿದುಕೊಟ್ಟ ಕಂಪನಿಗೆ ಮಾತ್ರ ನಾನು ಯಾರೋ ಬೇರೆಯವನು.

ಕೋಡಿಂಗ್ ತಮ್ಮ:
ಅಣ್ಣ, ಮುಖ ಗುರುತಿಸುವ ಸಾಫ್ಟ್‌ವೇರ್ ಮೇಲೇ ನನ್ನ ಕೆಲಸ. ಅದು ನಮ್ಮ ಹಾಗೆ ಮುಖ ನೋಡುವುದಿಲ್ಲ. ಹಳೇ ಫೋಟೊ, ಹೊಸ ಸೆಲ್ಫಿ ಎರಡನ್ನೂ ಅಂಕಿಗಳಾಗಿ ಮಾಡಿ, ಎಷ್ಟು ಹತ್ತಿರ ಇವೆ ಅಂತ ಅಳೆಯುತ್ತದೆ. ಇಷ್ಟಕ್ಕಿಂತ ಕಡಿಮೆ ಬಂದರೆ ಬೇರೆ ಆಳು ಅಂತ ಲೆಕ್ಕ. ಆ 'ಇಷ್ಟು' ಎಷ್ಟು ಅಂತ ತೀರ್ಮಾನ ಮಾಡುವುದು ಮನುಷ್ಯರೇ. ಇಂಥ ಲೆಕ್ಕ ಎಲ್ಲರಿಗೂ ಒಂದೇ ತರ ತಪ್ಪುವುದಿಲ್ಲ. 2018ರಲ್ಲಿ ಜಾಯ್ ಬುಲಮ್ವಿನಿ, ಟಿಮ್ನಿಟ್ ಗೆಬ್ರು ಅಂತ ಇಬ್ಬರು ಸಂಶೋಧಕರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ 0.8%. ಕಪ್ಪು ಬಣ್ಣದ ಹೆಂಗಸರಲ್ಲಿ 34.7%ವರೆಗೂ ಹೋಗಿತ್ತು. ತಪ್ಪುತ್ತದೆ ಅಂತ ಗೊತ್ತಿದ್ದೂ ಅದರ ಮಾತಿನ ಮೇಲೆ ಒಬ್ಬರ ಅನ್ನ ನಿಲ್ಲಿಸುವುದು ನನಗೆ ಸರಿ ಕಾಣಲ್ಲ.

ಯೂನಿಯನ್ ಅಕ್ಕ:
ತಮ್ಮಾ, ಚಾಟ್ ನಂಬಿಕೊಂಡು ಕೂರಬೇಡ. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ನಿನ್ನ ಹಾಗೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ಬಂದಿದೆ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು ಕೊಟ್ಟು, 14 ದಿನ ಮೊದಲೇ ತಿಳಿಸಬೇಕು. ಮಾತಾಡೋಕೆ ಒಬ್ಬ ಮನುಷ್ಯ ಇರಬೇಕು. ಇದು ಬರೀ ತಾತ್ಕಾಲಿಕ ತಡೆ ಅಂತ ಅವರು ಹೇಳಬಹುದು. ಹಾಗಂದರೂ ಬರವಣಿಗೆಯಲ್ಲೇ ಕೊಡಿ ಅಂತ ಕೇಳು. ಸ್ಕ್ರೀನ್‌ಶಾಟ್‌ಗಳನ್ನು ತಾರೀಕು ಕಾಣುವ ಹಾಗೆ ಇಟ್ಟುಕೋ. ತಿರುಪತಿ ಟಿಕೆಟ್, ಮುಡಿ ಕೊಡುವ ಮುಂಚಿನ ಫೋಟೊ, ಈಗಿನ ಫೋಟೊ ಎಲ್ಲಾ ಸೇರಿಸಿ ಇಮೇಲ್ ಮಾಡು. ಕಾಯ್ದೆ ಹೆಸರು ಮೊದಲ ಸಾಲಲ್ಲೇ ಇರಲಿ.

ಬನಶಂಕರಿ ರೈಡರ್:
ಈಗ ತಾನೇ ಕಳಿಸಿದೆ ಅಕ್ಕ. ಕನ್ನಡದಲ್ಲೇ ಬರೆದೆ. ನಮ್ಮ ಪಾಯಿಂಟ್‌ನಲ್ಲಿ ಇನ್ನೊಬ್ಬ ಹುಡುಗನಿಗೂ ಹೀಗೇ ಆಗಿದೆ, ಆ್ಯಕ್ಸಿಡೆಂಟ್ ಆಗಿ ಕೆನ್ನೆಗೆ ಹೊಲಿಗೆ ಬಿದ್ದಿದೆ. ಅವನದ್ದೂ ನನ್ನ ಮೇಲ್‌ನಲ್ಲೇ ಸೇರಿಸಬಹುದಾ, ಬೇರೆ ಬರೆಯಬೇಕಾ?