ಸುಟ್ಟ ಗೀಸರನ್ನು ಕಂಪೆನಿಗೆ ಹಿಂದಿರುಗಿಸಬೇಕೆ?

ಕೇಳಿದವರು (ಉಪ್ಪಳ): ಮಂಗಳೂರಿನ ಅಂಗಡಿಯಿಂದ ಕಳೆದ ವರ್ಷ ತಂದ ಗೀಸರ್ ಹೊತ್ತಿಕೊಂಡಿತು. ನಲ್ಲಿ ಮುಟ್ಟಿದ ಅತ್ತೆಗೆ ಶಾಕ್ ಹೊಡೆದು ಕೈ ಸುಟ್ಟಿದೆ. ವಾರಂಟಿ ಮುಗಿದಿಲ್ಲ. ಕಂಪೆನಿಯವರು ವೋಲ್ಟೇಜಿನ ಏರುಪೇರೇ ಕಾರಣವೆನ್ನುತ್ತಾರೆ; ಆದರೂ ಹಳೆಯದನ್ನು ಕೊಟ್ಟರೆ ಹೊಸದು ಕೊಡುತ್ತಾರಂತೆ. ಅಂಗಡಿಯವರು ತಮಗೆ ಸಂಬಂಧವಿಲ್ಲ ಎನ್ನುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಂಬಳೆಯಿಂದ: ಅಕ್ಕಾ, ಆ ಗೀಸರನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ನಮ್ಮ ವಾಷಿಂಗ್ ಮೆಷಿನ್ ಹೊತ್ತಿಕೊಂಡಾಗಲೂ ಇದೇ ಮಾತು ಬಂದಿತ್ತು. ದುರಸ್ತಿಗೆ ಬಂದ ಹುಡುಗ ಮೋಟಾರಿನ ವಯರು ಕರಗಿ ತಗಡಿಗೆ ಅಂಟಿದ್ದನ್ನು ಕಣ್ಣಾರೆ ನೋಡಿಯೂ ಜಾಬ್ ಕಾರ್ಡಿನಲ್ಲಿ (ದುರಸ್ತಿಯ ವಿವರ ಬರೆಯುವ ಚೀಟಿ) 'ವೋಲ್ಟೇಜ್ ತೊಂದರೆ' ಎಂದು ಬರೆದ; ನಾವು ಅದಕ್ಕೆ ಸಹಿ ಹಾಕಲಿಲ್ಲ. ವಸ್ತು ನಮ್ಮ ಕೈಯಲ್ಲೇ ಉಳಿದದ್ದರಿಂದ, ನಾವು ದೂರು ಕೊಟ್ಟ ಗ್ರಾಹಕ ಆಯೋಗವು (ಗ್ರಾಹಕರ ದೂರುಗಳನ್ನು ವಿಚಾರಿಸುವ ನ್ಯಾಯಮಂಡಳಿ) ಅದನ್ನು ಮೊಹರು ಮಾಡಿಸಿ ಪ್ರಯೋಗಾಲಯಕ್ಕೆ ಕಳುಹಿಸಿತು, ವರದಿ ಬಂದ ಮೇಲೆ ಕಂಪೆನಿಯ ವಕೀಲರೇ ರಾಜಿಯ ಮಾತೆತ್ತಿದರು. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರಿಂದಲೇ ಕಟ್ಟಿಸುವುದುಂಟು, ಅದಕ್ಕೆ ಸಿದ್ಧರಿರಿ.

ಹೊಸ ಗೀಸರಿಗೆ ಒಪ್ಪಿ ಸಹಿ ಹಾಕುವ ಮುನ್ನ ಇನ್ನೊಂದು ವಿಷಯ ಗಮನಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. ದೋಷವುಳ್ಳ ವಸ್ತುವಿನಿಂದ ಮೈಗಾದ ಗಾಯ, ಚಿಕಿತ್ಸೆ, ಅದರಿಂದಾದ ಮಾನಸಿಕ ಯಾತನೆ ಎಲ್ಲಕ್ಕೂ ಪರಿಹಾರ ಕೇಳಬಹುದು. ಬಿಲ್ಲು ನಿಮ್ಮ ಹೆಸರಿನಲ್ಲಿದ್ದರೂ, ನಿಮ್ಮ ಒಪ್ಪಿಗೆಯಿಂದ ಬಳಸಿದ ಅತ್ತೆಯೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಆಸ್ಪತ್ರೆಯ ಚೀಟಿಯಲ್ಲಿ ವಿದ್ಯುತ್ ಆಘಾತವೆಂದು ಸ್ಪಷ್ಟವಾಗಿ ಬರೆಸಿಕೊಳ್ಳಿ.

ಬದಿಯಡ್ಕದಿಂದ: ಮೂವತ್ತು ವರ್ಷ ವಯರಿಂಗ್ ಕೆಲಸ ಮಾಡಿದವನಾಗಿ ಒಂದು ಮಾತು. ನಲ್ಲಿಯಲ್ಲಿ ಶಾಕ್ ಬಂದಿದೆಯೆಂದರೆ ಹೀಟಿಂಗ್ ಎಲಿಮೆಂಟಿನ ಕವಚ ಒಡೆದು ನೀರಿಗೇ ಕರೆಂಟು ಹಾಯ್ದಿರುವ ಸಾಧ್ಯತೆ ಹೆಚ್ಚು. ಬರೀ ವೋಲ್ಟೇಜಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ನನಗಂತೂ ಸರಿಯೆನಿಸುವುದಿಲ್ಲ. ಆದರೆ ನಿಮ್ಮ ಮನೆಯ ಅರ್ತಿಂಗ್ ಸರಿಯಿತ್ತೇ, 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಇತ್ತೇ, ಇದ್ದರೆ ಅದು ಯಾಕೆ ಬೀಳಲಿಲ್ಲ ಎಂದು ಕಂಪೆನಿಯವರು ಕೇಳಿಯೇ ಕೇಳುತ್ತಾರೆ. ಲೈಸೆನ್ಸ್ ಇರುವ ವಯರ್‌ಮ್ಯಾನ್ ಒಬ್ಬರಿಂದ ಪರೀಕ್ಷೆ ಮಾಡಿಸಿ, ಲಿಖಿತವಾಗಿ ಪಡೆಯಿರಿ. ಫಲಿತಾಂಶ ನಿಮಗೆ ಅನುಕೂಲವಾಗದಿದ್ದರೂ ಮೊದಲೇ ತಿಳಿದಿರುವುದು ಒಳ್ಳೆಯದು. ಗೀಸರಿನ ಲೇಬಲ್ಲಿನಲ್ಲಿ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ಐಎಸ್‌ಐ ಗುರುತು ಕೊಡುವ ಸರಕಾರಿ ಸಂಸ್ಥೆಯಾದ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪಿನಲ್ಲಿ ಅದನ್ನು ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಮಂಜೇಶ್ವರದಿಂದ: ಗಡಿಯಾಚೆ ಕೊಂಡದ್ದಕ್ಕೆ ಮಂಗಳೂರಿಗೇ ಅಲೆಯಬೇಕೆಂದು ನಮ್ಮ ಕಡೆಯ ಎಷ್ಟೋ ಜನ ಸುಮ್ಮನಾಗುತ್ತಾರೆ. ಅದು ಹಳೆಯ ಕಾಯ್ದೆಯ ಕಾಲದ ಹೆದರಿಕೆ. ಈಗ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಎಂದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆಯಾದ 2 ವರ್ಷದೊಳಗೆ ಸಲ್ಲಿಸಬೇಕು. ಅಂಗಡಿಯವರನ್ನೂ ಎದುರುಪಕ್ಷವಾಗಿ ಸೇರಿಸಿ. ಸಂಬಂಧವಿಲ್ಲವೆಂಬ ಮಾತನ್ನು ಅವರು ಆಯೋಗದೆದುರೇ ಹೇಳಲಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಕೆಲವೊಮ್ಮೆ ಅಲ್ಲಿಯೇ ಇತ್ಯರ್ಥವಾಗುತ್ತದೆ. ಆಗದಿದ್ದರೆ ಕಂಪೆನಿಗೂ ಅಂಗಡಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿ, ರಶೀದಿಗಳನ್ನು ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಿ.