ಅಪ್‌ಡೇಟ್: ಉಬುಂಟು ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕೊನೆಗೂ ಕಾಣಿಸಿತು

ಲ್ಯಾಪ್‌ಟಾಪ್ ಅಥವಾ ಪಿಸಿಯಲ್ಲಿ ವಿಂಡೋಸ್ 11 ಜೊತೆಗೆ ಉಬುಂಟು 24.04 (ಲಿನಕ್ಸ್‌ನ ಒಂದು ಆವೃತ್ತಿ) ಹಾಕಲು ಹೋದರೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ (ಎಸ್‌ಎಸ್‌ಡಿ) ಕಾಣುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಈಗ ಎರಡೂ ಸರಿಯಾಗಿ ಓಡುತ್ತಿವೆ.

ಪೆನ್‌ಡ್ರೈವ್ ಮತ್ತೆ ತಯಾರಿಸಿದ್ದು, ಸೆಕ್ಯೂರ್ ಬೂಟ್ ಆಫ್ ಮಾಡಿದ್ದು ಎರಡೂ ಉಪಯೋಗಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಸ್ಟೋರೇಜ್ ಮೋಡನ್ನು ಆರ್‌ಎಸ್‌ಟಿಯಿಂದ (ಇಂಟೆಲ್‌ನದೇ ಪದ್ಧತಿ) ಎಎಚ್‌ಸಿಐಗೆ (ಡಿಸ್ಕ್ ಜೊತೆ ಮಾತಾಡುವ ಸಾಮಾನ್ಯ ಪದ್ಧತಿ) ಬದಲಿಸಿ ಎಂದವರ ಸಲಹೆ. ಆದರೆ ದಯವಿಟ್ಟು ನೇರವಾಗಿ ಬದಲಿಸಬೇಡಿ. ಬೂಟ್ ಹೊತ್ತಿಗೆ ಎಎಚ್‌ಸಿಐ ಡ್ರೈವರ್ ಲೋಡ್ ಆಗದೆ ವಿಂಡೋಸ್ ನೀಲಿ ಪರದೆಯಲ್ಲೇ ನಿಲ್ಲಬಹುದು. ಮೊದಲು ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ (msconfig) ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗಲೇ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದುಕೊಂಡ ಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರೆ ಆಯಿತು. ಅಲ್ಲಿ ಪಿನ್ ನಡೆಯದೆ ಇರಬಹುದು, ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರಂತೂ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಂಡೇ ಶುರುಮಾಡಿ.

ಗೊತ್ತಿರದಿದ್ದ ಇನ್ನೊಂದು ವಿಷಯ: ಉಬುಂಟುವಿನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ! ಮದರ್‌ಬೋರ್ಡ್ ಗಡಿಯಾರವನ್ನು ಲಿನಕ್ಸ್ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತ ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಅಂತ. ಉಬುಂಟು ಟರ್ಮಿನಲ್‌ನಲ್ಲಿ timedatectl set-local-rtc 1 ಅನ್ನೋ ಕಮಾಂಡ್ ಕೊಟ್ಟ ಮೇಲೆ ಸರಿಹೋಯಿತು.