ಪದಚರ್ಚೆ: ‘ಸಿನಡಾಲಿಟಿ’ಗೆ ಕನ್ನಡದಲ್ಲಿ ಏನು? (ನಾಳೆ ಫ್ಲೆಕ್ಸ್ ಅಚ್ಚಿಗೆ)

ವಿರಾಜಪೇಟೆಯಿಂದ:
ಧರ್ಮಕೇಂದ್ರದ ಸಭಾಂಗಣದಲ್ಲಿ ಕಥೋಲಿಕ ಧರ್ಮಸಭೆಯ ಮುಂದಿನ ಹಾದಿ ಕುರಿತು ಚರ್ಚೆ ಇದೆ. ಎಂಟಡಿ ಅಗಲದ ಫ್ಲೆಕ್ಸ್, ಒಂದೇ ಸಾಲಿನ ತಲೆಬರಹ. ಜಗದ್ಗುರು (ಪೋಪ್) ಫ್ರಾನ್ಸಿಸ್ 2021ರಲ್ಲಿ ಆರಂಭಿಸಿ 2024ರ ಅಕ್ಟೋಬರಿನಲ್ಲಿ ಮುಗಿಸಿದ, ಧರ್ಮಾಧ್ಯಕ್ಷರ (ಬಿಷಪ್ಪರ) ಸಭೆಯಾದ ಸಿನಡ್‌ನ ತಿರುಳು ‘ಸಿನಡಾಲಿಟಿ’. ಅದಕ್ಕೆ ಸದ್ಯ ‘ಸಹಗಮನ’ ಎಂದು ಬರೆದಿಟ್ಟಿದ್ದೇವೆ. ಸರಿಯೇ? ಚರ್ಚೆಗೆ ಕೂರುವ ಎರಡು ಕಡೆಯವರನ್ನು ‘ಪ್ರಗತಿಪರರು’, ‘ಸಂಪ್ರದಾಯವಾದಿಗಳು’ ಎನ್ನಬಹುದೆ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರ.

ಮಡಿಕೇರಿಯಿಂದ:
‘ಸಹಗಮನ’ ಅಳಿಸಿಬಿಡಿ. ಹೆಂಡತಿ ಗಂಡನ ಚಿತೆ ಏರುವುದಕ್ಕೆ ಇರುವ ಹೆಸರು ಅದು.
ಗ್ರೀಕಿನ ‘ಸಿನ್’ ಎಂದರೆ ಒಡನೆ, ‘ಹೊದೊಸ್’ ಎಂದರೆ ದಾರಿ. ಒಡಹುಟ್ಟು, ಒಡನಾಡಿ ಇರುವ ನುಡಿಯಲ್ಲಿ ‘ಒಡನಡೆ’ ಎಂದರೆ ಮುಗಿಯಿತು. ಗುಣವನ್ನು ಹೇಳಬೇಕಿದ್ದರೆ ‘ಒಡನಡೆತನ’.

ಸೋಮವಾರಪೇಟೆಯಿಂದ:
ಬೇರು ಅಗೆದರೆ ಅರ್ಥ ಸಿಕ್ಕುವುದಿಲ್ಲ ಸರ್. ಆರನೇ ಪೌಲರು 1965ರಲ್ಲಿ ಸ್ಥಾಪಿಸಿದ ಧರ್ಮಾಧ್ಯಕ್ಷರ ಸಿನಡ್ ಒಂದು ಸಂಸ್ಥೆ. ಸಿನಡಾಲಿಟಿ ಒಂದು ರೀತಿ: ತೀರ್ಮಾನಕ್ಕೆ ಮೊದಲು ಗುರುಗಳು (ಪಾದ್ರಿಗಳು), ಧರ್ಮಭಗಿನಿಯರು, ಶ್ರೀಸಾಮಾನ್ಯರು ಎಲ್ಲರ ಮಾತಿಗೂ ಕಿವಿಗೊಡುವುದು. 2023ರ ಅಧಿವೇಶನದಲ್ಲಿ ಹೆಂಗಸರೂ ಮೊದಲ ಸಲ ಮತ ಹಾಕಿದರು. ಹಾಗಿದ್ದೂ ಕೊನೆಯ ಮಾತು ಜಗದ್ಗುರುಗಳದೇ. ಜಗಳ ಇರುವುದು ಇಲ್ಲೇ. ಕೇಳಿದ್ದು ಸಾಲದು ಎಂದು ಕೆಲವರು, ಕೇಳಿದ್ದೇ ಅತಿಯಾಯಿತು ಎಂದು ಉಳಿದವರು. ನಿಮ್ಮ ‘ಒಡನಡೆ’ಯಲ್ಲಿ ಈ ಕೇಳುವಿಕೆ ಎಲ್ಲಿದೆ?
ಇನ್ನೊಂದು ತೊಡಕು. ಜರ್ಮನಿಯ ಧರ್ಮಸಭೆಯಲ್ಲಿ 2019ರಲ್ಲಿ ಶುರುವಾದ ಚರ್ಚಾಸರಣಿ ‘ಸಿನಡಲ್ ಹಾದಿ’ಯೇ ಬೇರೆ, ರೋಮಿನ ಸಿನಡೇ ಬೇರೆ. ನಿಮ್ಮ ಲೆಕ್ಕದಲ್ಲಿ ಜರ್ಮನಿಯದು ‘ಒಡನಡೆಯ ನಡೆ’ ಆಗುತ್ತದೆ. ಪ್ರಾಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೂ ಸಿನಡ್ ಇದೆ, ಅಲ್ಲಿ ಅದು ಆಡಳಿತದ ಅತ್ಯುನ್ನತ ಮಂಡಳಿ. ಬರೀ ‘ಸಿನಡ್’ ಎಂದು ಹಾಕಿದರೂ ದಾರಿಹೋಕರಿಗೆ ಗೊಂದಲವೇ.

ಕುಶಾಲನಗರದಿಂದ:
ಎರಡನೇ ಪ್ರಶ್ನೆಯನ್ನು ಇಬ್ಬರೂ ಮುಟ್ಟಲಿಲ್ಲ. ‘ಸಂಪ್ರದಾಯ’ದಲ್ಲಿ ಇರುವುದು ಸಂ, ಪ್ರ, ದಾ: ಪೂರ್ತಿಯಾಗಿ ಕೊಡುವುದು. ಲ್ಯಾಟಿನ್ನಿನ ‘ತ್ರಾದಿತ್ಸಿಯೊ’ದಲ್ಲೂ ಅದೇ, ಕೈಯಿಂದ ಕೈಗೆ ದಾಟಿಸಿ ಕೊಡುವುದು. ಎರಡರ ‘ದಾ’ ಒಂದೇ ಮೂಲದ್ದು. ಇಷ್ಟು ಚೆನ್ನಾಗಿ ಕೂಡುವ ಪದ ಇನ್ನೊಂದಿಲ್ಲ. ಬಿಡಬೇಕಾದದ್ದು ‘ವಾದಿ’ಯನ್ನು. ಏಕೆಂದರೆ ನೀವು ಪ್ರಗತಿಪರರು ಎನ್ನುವವರೂ ಸಂಪ್ರದಾಯ ತಮ್ಮದೆಂದೇ ವಾದಿಸುತ್ತಾರೆ: 1960ರ ದಶಕದಲ್ಲಿ ಸುಧಾರಣೆ ತಂದ ಎರಡನೇ ವ್ಯಾಟಿಕನ್ ಮಹಾಸಭೆ ಆದಿ ಧರ್ಮಸಭೆಯ ರೂಢಿಗೇ ಮರಳಿತು ಎನ್ನುತ್ತಾರೆ. 16ನೇ ಬೆನೆಡಿಕ್ಟರು 2007ರಲ್ಲಿ, 1962ರ ಲ್ಯಾಟಿನ್ ಪೂಜಾಗ್ರಂಥವನ್ನು ಧರ್ಮಾಧ್ಯಕ್ಷರನ್ನು ಕೇಳದೆಯೂ ಗುರುಗಳು ಬಳಸಬಹುದು ಎಂದಿದ್ದರು. 2021ರ ಜುಲೈನಲ್ಲಿ ಫ್ರಾನ್ಸಿಸ್ ಅದನ್ನು ರದ್ದು ಮಾಡಿ ಅಪ್ಪಣೆ ಕಡ್ಡಾಯ ಮಾಡಿದರು. ಆ ಆಜ್ಞೆಯ ಹೆಸರೇನು ಗೊತ್ತೆ? ‘ಸಂಪ್ರದಾಯದ ಪಾಲಕರು’! ಪಾಲಕರೆಂದರೆ ಅಲ್ಲಿ ಧರ್ಮಾಧ್ಯಕ್ಷರು.
ಆದ್ದರಿಂದ ಗುಂಪಿಗೆ ಹೆಸರಿಡಬೇಡಿ, ಬೇಡಿಕೆಯನ್ನು ಬರೆಯಿರಿ: ‘ಹಳೆಯ ಪೂಜಾವಿಧಿ ಬೇಕೆನ್ನುವವರು’, ‘ಹೆಂಗಸರಿಗೂ ಡೀಕನ್ (ಗುರುವಿಗಿಂತ ಕೆಳಗಿನ ಸೇವಕ) ದೀಕ್ಷೆ ಬೇಕೆನ್ನುವವರು’. ಉದ್ದವಾಗುತ್ತದೆ, ನಿಜ. ಅದು ಕರಪತ್ರಕ್ಕಿರಲಿ, ಫ್ಲೆಕ್ಸಿಗೆ ಬೇಡ.

ಮಡಿಕೇರಿಯಿಂದ:
ಸಂಸ್ಕೃತ ಲ್ಯಾಟಿನ್ನಿಗೆ ನೆಂಟ ಎಂದು ಗೊತ್ತಾದರೆ ಕನ್ನಡಕ್ಕೇನು ಬಂತು? ಧರ್ಮಸಭೆ, ಧರ್ಮಾಧ್ಯಕ್ಷ, ಬಲಿಪೂಜೆ, ಪರಮಪ್ರಸಾದ. ಒಂದಾದರೂ ಕನ್ನಡವೆ? ‘ಜಗದ್ಗುರು’ವಂತೂ ಮಠದಿಂದ ತಂದ ಕಡ.

ಸೋಮವಾರಪೇಟೆಯಿಂದ:
‘ಪೂಜೆ’ಯ ಮೂಲ ದ್ರಾವಿಡ ಎನ್ನುವ ಪಂಡಿತರಿದ್ದಾರೆ, ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಪಾದ್ರಿ, ಇಗರ್ಜಿ, ಅಲಮಾರು ಪೋರ್ಚುಗೀಸರಿಂದ ಬಂದವು. ಯಾರ ನಾಲಿಗೆಯೂ ಸುಡಲಿಲ್ಲ. ಕಾಫಿಗೆ ಅಚ್ಚಗನ್ನಡ ಪದ ಸಿಗಲಿ ಎಂದು ಕಾದಿದ್ದರೆ ಕೊಡಗಿನಲ್ಲಿ ಒಂದು ಗಿಡವೂ ಏಳುತ್ತಿರಲಿಲ್ಲ.
ವಿರಾಜಪೇಟೆಯವರೇ, ದೊಡ್ಡಕ್ಷರದಲ್ಲಿ ‘ಆಲಿಸುತ್ತ ಜೊತೆ ಸಾಗುವ ಧರ್ಮಸಭೆ’, ಕೆಳಗೆ ಸಣ್ಣಕ್ಷರದಲ್ಲಿ ‘ಸಿನಡ್ ರೀತಿ: ಪರ, ವಿರೋಧ’ ಎಂದು ಹಾಕಿ. ‘ಸಿನಡ್‌ನ’ ಎಂದು ಎಲ್ಲೂ ಬರೆಯಬೇಡಿ. ನಡುವಿನ ಕಾಣದ ಅಕ್ಷರ ಬಿಟ್ಟುಹೋದರೆ ಡಕಾರಕ್ಕೆ ನ ಒತ್ತು ಬಿದ್ದು ‘ಸಿನಡ್ನ’ ಆಗುತ್ತದೆ. ಬಸ್ಸಿನ, ಬ್ಯಾಂಕಿನ ಎನ್ನುವ ಹಾಗೆ ‘ಸಿನಡಿನ’ ಎನ್ನಿ. ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್ ಇದ್ದರೆ ಯೂನಿಕೋಡ್ ಪಠ್ಯ ಕಲಸಿಹೋಗುತ್ತದೆ, ಪಿಡಿಎಫ್ ಮಾಡಿಯೇ ಕಳಿಸಿ.

ಮಡಿಕೇರಿಯಿಂದ:
‘ರೀತಿ’ಯೂ ಸಂಸ್ಕೃತವೇ. ‘ಬಗೆ’ ಎನ್ನಿ.